ಹಸಿಂತಮ್ಮನ ಎಡೆ

ಅಶ್ವತ್ಥಮ್ಮ ಅರವತ್ತೆಂಟು ವರ್ಷ ಬದುಕಿ ಒಂದು ಇರುವೆಯನ್ನೂ ಬೇಕೆಂದು ತುಳಿದವಳಲ್ಲ. ಬಾಯಲ್ಲಿ ಮಾತ್ರ ದಿನಕ್ಕೆ ಹತ್ತು ಜನರನ್ನು ಸಾಯಿಸುತ್ತಿದ್ದಳು, ಅದು ಬೇರೆ ವಿಷಯ. ಅಂಥವಳು ಈ ವರ್ಷದ ಮಹಾಲಯ ಅಮಾವಾಸ್ಯೆಯಂದು, ಹಾಡುಹಗಲಲ್ಲಿ, ಅಮೆರಿಕದಲ್ಲಿ ಬದುಕಿದ್ದ ಒಬ್ಬ ಬರಹಗಾರ್ತಿಯನ್ನು ಹೆಸರು ಹಿಡಿದು ಸತ್ತವರ ಪಂಕ್ತಿಗೆ ಕರೆದುಬಿಟ್ಟಳು. ಅದೂ ಕೋಳಿ ಸಾರು ಮಾಡಿ.

ಆ ಬರಹಗಾರ್ತಿಯನ್ನು ಮನೆಯೊಳಕ್ಕೆ ತಂದವಳು ಸೊಸೆ ಅರ್ಚನ. ಬಂಗಾರಪೇಟೆಗೆ ಮೂರು ಮೈಲಿ ದೂರದ ಹಳ್ಳಿಯಲ್ಲಿ ಇವರ ಮನೆ. ಮಗ ಗಿರಿ ಹಾಲಿನ ವ್ಯಾನ್ ಓಡಿಸುತ್ತಾನೆ. ಅರ್ಚನ ದಿನಾ ಬೆಳಿಗ್ಗೆ ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿ, ಊರಿಗಾಂನಲ್ಲಿ ಇಳಿದು, ಅಲ್ಲೊಂದು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಾಳೆ. ಮಧ್ಯಾಹ್ನ ಮನೆಗೆ ಬಂದು, ಉಂಡು, ನಡುಮನೆಯಲ್ಲಿ ಚಾಪೆ ಹಾಸಿ ಕೂತಳೆಂದರೆ ಅವಳ ಇನ್ನೊಂದು ಕೆಲಸ ಶುರು. ಹಸಿಂತಾ ಬರ್ರೇರಾ ಎಂಬ ಮುದುಕಿ ಬರೆದ ಕಥೆಗಳನ್ನು ಕನ್ನಡಕ್ಕೆ ಇಳಿಸುವುದು.

ಯುಗಾದಿ ಕಳೆದ ವಾರ ಮೊದಲ ಕಥೆ ಮುಗಿದಾಗ ಅರ್ಚನ ಅದನ್ನು ಅತ್ತೆಗೆ ಓದಿ ಹೇಳಿದಳು. ಅಶ್ವತ್ಥಮ್ಮ ಓದಿದ್ದು ಎರಡನೇ ಕ್ಲಾಸು. ಆದರೆ ಕಥೆ ಕೇಳುವುದರಲ್ಲಿ ಅವಳಿಗೆ ಸರಿಸಾಟಿ ಏಳು ಹೋಬಳಿಯಲ್ಲಿ ಇರಲಿಲ್ಲ. ಆ ಕಡೆ ಕಥೆ ಹೇಳುವವರು ಒಂದೊಂದು ಮಾತಿಗೂ ನಿಲ್ಲುತ್ತಾರೆ. ಎದುರಿಗೆ ಕೂತವರು “ಊಂ” ಅನ್ನಬೇಕು. ಊಂಗುಟ್ಟದಿದ್ದರೆ ಕಥೆಯೊಳಗಿನವರು ನಿಂತ ಕಡೆಯೇ ನಿಂತುಬಿಡುತ್ತಾರೆ, ಹಸಿದುಕೊಂಡು. ಅಶ್ವತ್ಥಮ್ಮ ಊಂ ಅಂದರೆ ಕೊಟ್ಟಿಗೆಯಲ್ಲಿ ಎಮ್ಮೆ ಕಿವಿ ನಿಮಿರಿಸುತ್ತಿತ್ತು.

“ಇವ್ರು ಯಾವ ಜನ ಕಣೇ?” ಅಂತ ಮೊದಲ ದಿನವೇ ಕೇಳಿದ್ದಳು.

“ಲ್ಯಾಟಿನೊ ಅಂತಾರೆ ಅತ್ತೆ. ಇರೋದು ಅಮೆರಿಕದಲ್ಲೇ, ಆದ್ರೆ ಮನೆ ಮಾತು ಸ್ಪ್ಯಾನಿಷ್. ಇವ್ರ ಮುತ್ತಾತನ ಕಾಲದಲ್ಲಿ ಆ ನೆಲ ಮೆಕ್ಸಿಕೋ ದೇಶದ್ದು. ಆಮೇಲೆ ಅಮೆರಿಕದೋರು ಗೆದ್ಕೊಂಡ್ರು.”

“ಅಂಗಾದ್ರೆ ಗಡೀಲಿರೋ ನಮ್ ವಿ. ಕೋಟದ ಚಿಕ್ಕಮ್ಮನ ಕತೆನೇ ಬಿಡು. ಮನೆ ಅಲ್ಲೇ ಐತೆ, ಕೋಳಿಗೂಡೂ ಕದಲ್ಲಿಲ್ಲ, ರಾಜ್ಯ ಮಾತ್ರ ಬದ್ಲಾಗೋಯ್ತು.”

“ಸ್ಕೂಲಲ್ಲಿ ಮನೆ ಮಾತಾಡಿದ್ರೆ ಅಂಗೈಗೆ ಬೀಳ್ತಿತ್ತಂತೆ. ಅಂಥ ಎಷ್ಟೋ ಮಕ್ಳು ಬೆಳೆದು ಇಂಗ್ಲಿಷ್‌ನಲ್ಲೇ ಕಥೆ, ಕವಿತೆ ಬರೆದ್ರು. ಆದ್ರೂ ಸಿಟ್ಟು ಬಂದಾಗ, ಅಳು ಬಂದಾಗ, ನಡುನಡುವೆ ಸ್ಪ್ಯಾನಿಷ್ ನುಗ್ಗಿಬಿಡುತ್ತೆ. ಅದನ್ನ ಕನ್ನಡದಲ್ಲಿ ಹೆಂಗೆ ತರೋದೋ ಗೊತ್ತಾಗ್ತಿಲ್ಲ.”

“ಅಯ್ಯೋ ಪೆದ್ದೀ! ನಾನು ಸಿಟ್ಟು ಬಂದ್ರೆ ನಿನ್ನ ಯಾವ್ ಮಾತಲ್ಲಿ ಬಯ್ತೀನಿ?”

“ತೆಲುಗಲ್ಲಿ.”

“ಮತ್ತೆ? ಅಲ್ಲೆಲ್ಲ ತೆಲುಗು ಆಕು.”

ಅರ್ಚನ ಪೆನ್ನು ಕೆಳಗಿಟ್ಟು ಅತ್ತೆಯನ್ನೇ ನೋಡಿದಳು. ಅಂದೇ ಈ ಮಾತನ್ನು ಬರಹಗಾರ್ತಿಗೆ ಮೇಲ್ ಕಳಿಸಿದಳು. ಮಾರನೇ ದಿನವೇ ಉತ್ತರ: ‘ಈ ಉಪಾಯ ಹೇಳಿದ ಹೆಂಗಸಿಗೆ ನನ್ನ ನಮಸ್ಕಾರ. ನನ್ನ ಅಜ್ಜಿಯೂ ಹೀಗೇ ಹೇಳುತ್ತಿದ್ದಳು.’ ಅಶ್ವತ್ಥಮ್ಮ ಈ ಸುದ್ದಿಯನ್ನು ಸಂಜೆಯೊಳಗೆ ಊರಿಗೆಲ್ಲ ಹಂಚಿದಳು. ಹಂಚುತ್ತ ಹಂಚುತ್ತ, ಅಮೆರಿಕದ ಸರಕಾರವೇ ತನಗೆ ಕಾಗದ ಬರೆದಿದೆ ಎಂಬಲ್ಲಿಗೆ ಮುಟ್ಟಿಸಿದ್ದಳು.

ಅಂದಿನಿಂದ ಅವಳ ಬಾಯಲ್ಲಿ ಹಸಿಂತಾ ಹೋಗಿ ಹಸಿಂತಮ್ಮನಾದಳು. ಮೆಣಸಿನಕಾಯಿ ತೋಟದಲ್ಲಿ ಕೂಲಿ ಮಾಡುವ ತಾಯಿಯೊಬ್ಬಳ ಕಥೆ ಬಂತು. ದಿನವಿಡೀ ಕಾಯಿ ಬಿಡಿಸಿ ಅವಳ ಅಂಗೈ ಎಷ್ಟು ಉರಿಯುತ್ತಿತ್ತೆಂದರೆ, ಕೂಸನ್ನು ಮುಟ್ಟುವ ಮುಂಚೆ ಎರಡೂ ಕೈ ಹಾಲಿನಲ್ಲಿ ಅದ್ದಿಕೊಳ್ಳುತ್ತಿದ್ದಳು. ಅಶ್ವತ್ಥಮ್ಮ ಆ ದಿನ ಊಂ ಅನ್ನಲಿಲ್ಲ. ತನ್ನ ಅಂಗೈಗಳನ್ನೇ ನೋಡುತ್ತ ಕೂತಿದ್ದು, ಆಮೇಲೆ ಅಂದಳು: “ಇದು ಬರ್ದಿರೋದಲ್ಲ ಕಣೇ. ಅನುಭವ್ಸಿರೋದು.”

ಅರ್ಚನ ಸಂದೇಹ ಕೇಳಿ ಬರೆಯುತ್ತಿದ್ದಳು, ಹಸಿಂತಮ್ಮ ಉತ್ತರ ಕೊಡುತ್ತಿದ್ದಳು. ಹಾಲು ಡೈರಿಗೆ ಹೋಗಿ ಕ್ಯಾನು ವಾಪಸ್ ಬರುವಷ್ಟರಲ್ಲಿ ಉತ್ತರ ಬಂದಿರುತ್ತಿತ್ತು. ಪ್ರತಿ ಉತ್ತರದ ಕೊನೆಗೂ ಅತ್ತೆಗೊಂದು ಮಾತು. ಅಮಾವಾಸ್ಯೆಗೆ ನಾಲ್ಕು ದಿನ ಇದ್ದಾಗ ಬಂದದ್ದು ಹೀಗಿತ್ತು: ‘ನಿಮ್ಮ ಅತ್ತೆ ನನ್ನ ಕಥೆ ಕೇಳುವುದನ್ನು ಒಮ್ಮೆ ನೋಡಬೇಕೆಂದು ತುಂಬ ಆಸೆ.’

ಆ ವಾರವೇ ಕಾಲೇಜಿನಲ್ಲಿ ಲ್ಯಾಟಿನೊ ಸಾಹಿತ್ಯದ ಮೇಲೆ ಒಂದು ದಿನದ ಕಾರ್ಯಕ್ರಮ ಗೊತ್ತಾಗಿತ್ತು. ವೇದಿಕೆಯ ಪಕ್ಕ ಇಡಲು ಅರ್ಚನ ಹಸಿಂತಮ್ಮನದೊಂದು ಫೋಟೊ ದೊಡ್ಡದು ಮಾಡಿಸಿ, ಆಂಡರ್ಸನ್‌ಪೇಟೆಯಲ್ಲಿ ಕಟ್ಟು ಹಾಕಿಸಿ ತಂದಳು. ಎರಡು ಜಡೆಯ ಬೆಳ್ಳಿಗೂದಲಿನ ಮುದುಕಿ. ಮೊಣಕೈವರೆಗೂ ಬೆಳ್ಳಿ ಬಳೆ. ನಗುವಿನಲ್ಲಿ ಮುಂದಿನ ಎರಡು ಹಲ್ಲುಗಳ ನಡುವೆ ಕಡ್ಡಿ ತೂರುವಷ್ಟು ಸಂದಿ. ತಂದವಳೇ ಅದನ್ನು ನಡುಮನೆಯ ಗೋಡೆಗೆ ಒರಗಿಸಿಟ್ಟು ಹಬ್ಬದ ಹಿಟ್ಟು ಬೀಸಿಸಲು ಹೋದಳು.

ತಪ್ಪಾಗಿದ್ದು ಅಲ್ಲೇ. ಅಶ್ವತ್ಥಮ್ಮನ ಊರಿನಲ್ಲಿ ಬದುಕಿರುವ ಮುದುಕಿಯೊಬ್ಬಳನ್ನು ಒಂಟಿಯಾಗಿ ಗಾಜಿನೊಳಗೆ ಕೂರಿಸಿ ಕಟ್ಟು ಹಾಕಿಸಿದ್ದು ಯಾರೂ ಕಂಡಿಲ್ಲ. ಮದುವೆಯಾದರೆ ಜೋಡಿ ಫೋಟೊ. ಒಬ್ಬರೇ ಫೋಟೊದಲ್ಲಿ ನಗುತ್ತಿದ್ದರೆ, ಕಟ್ಟಿನ ಅಂಚು ಬೇರೆ ಬಂಗಾರದ ಬಣ್ಣದ್ದಾಗಿದ್ದರೆ, ಹನ್ನೊಂದನೇ ದಿನದ ಊಟವೂ ಮುಗಿದಿದೆ ಎಂದೇ ಅರ್ಥ. ಅಶ್ವತ್ಥಮ್ಮ ಆ ಫೋಟೊದ ಮುಂದೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ‘ಮೊನ್ನೆ ತಾನೆ ಕಾಗದ ಬರೆದವಳು, ಹೋಗಿಬಿಟ್ಟಳಾ’ ಅಂದುಕೊಂಡಳು. ಸೊಸೆ ಮುಖ ಸಪ್ಪಗೆ ಮಾಡಿಕೊಂಡು ಓಡಾಡುತ್ತಿದ್ದದ್ದು ಹಬ್ಬದ ಕೆಲಸದ ಸುಸ್ತಿಗೆ. ಇವಳು ಅದನ್ನೂ ದುಃಖವೆಂದೇ ತಿಳಿದಳು. ಕೇಳಿ ನೋಯಿಸುವುದು ಯಾಕೆ ಅಂತ ಸುಮ್ಮನಾದಳು. ಅಶ್ವತ್ಥಮ್ಮ ಜೀವಮಾನದಲ್ಲಿ ಬಾಯಿ ಮುಚ್ಚಿಕೊಂಡದ್ದು ಅದೊಂದೇ ಸಲ, ಅದಕ್ಕೇ ಇಷ್ಟೆಲ್ಲ ಆಯಿತು.

ಅಮಾವಾಸ್ಯೆಯ ದಿನ ಅರ್ಚನ ಅಡುಗೆಮನೆಯಲ್ಲಿ ವಡೆ ಕರಿಯುತ್ತಿದ್ದಾಗ, ಅಶ್ವತ್ಥಮ್ಮ ನಡುಮನೆ ಸಾರಿಸಿ ಗೋಡೆಗೆ ಹಿರಿಯರ ಫೋಟೊ ಇಟ್ಟಳು. ನಡುವೆ ಗಂಡ ಕೋದಂಡಪ್ಪ, ಆಚೀಚೆ ಅತ್ತೆ ಮಾವ, ಪಕ್ಕದಲ್ಲಿ ಹಸಿಂತಮ್ಮ. ನಾಲ್ವರಿಗೂ ಕನಕಾಂಬರದ ಹಾರ, ಹಣೆಗೆ ಬೊಟ್ಟು. ನಾಲ್ಕು ಬಾಳೆಲೆ, ಒಂದೊಂದಕ್ಕೂ ರಾಗಿಮುದ್ದೆ, ಕೋಳಿ ಸಾರು, ಪಾಯಸ. ಕೋದಂಡಪ್ಪನಿಗೆ ಹೆಚ್ಚಿಗೆ ಒಂದು ಕಟ್ಟು ಬೀಡಿ. ಸಾಂಬ್ರಾಣಿ ಹಾಕಿ ಕೈಮುಗಿದು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದಳು. ಕೊನೆಗೆ, “ಹಸಿಂತಮ್ಮಾ, ದೂರದಿಂದ ಬತ್ತಾ ಇದ್ದೀಯ, ನಾಚ್ಕೋಬೇಡ, ವಟ್ಟೆ ತುಂಬ ಉಣ್ಣು ತಾಯಿ” ಅಂದಳು.

ಎಡೆ ಇಟ್ಟ ಮೇಲೆ ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಹಾಕಿಕೊಳ್ಳಬೇಕು. ಹಿರಿಯರು ನಾಚಿಕೆಯಿಲ್ಲದೆ ಉಣ್ಣಲಿ ಅಂತ. ಅರ್ಚನ ಹಿತ್ತಲ ಬಾಗಿಲಿಂದ ಬಂದು ಅದಕ್ಕೂ ಹೊರಗಿಂದ ಚಿಲಕ ಹಾಕಿ ಜಗಲಿಯ ಮೇಲೆ ಕೂತಳು. ಗಿರಿ ಇದ್ದ. ಪಕ್ಕದ ಮನೆಯ ವಾರಗಿತ್ತಿ ಕದಿರಮ್ಮ ತನ್ನ ಬೆಕ್ಕನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು.

ಬಿಸಿಲು ನೆತ್ತಿಯ ಮೇಲಿತ್ತು. ಬೀದಿಯಲ್ಲಿ ಒಂದು ನಾಯಿಯೂ ಅಲುಗುತ್ತಿರಲಿಲ್ಲ. ಒಳಗಿಂದ ಸದ್ದು ಬಂತು. ಬಳೆಗಳ ಸದ್ದು. ಗಾಜಿನ ಬಳೆಯ ಕಿಣಿಕಿಣಿ ಅಲ್ಲ. ತೂಕದ ಲೋಹದ ಬಳೆಗಳು ಮೊಣಕೈಯಿಂದ ಮಣಿಕಟ್ಟಿಗೆ ಜಾರಿ ಬೀಳುವ ಸದ್ದು.

ಕದಿರಮ್ಮ ಕಿವಿಗೊಟ್ಟು ಕೇಳಿದಳು. “ಅಕ್ಕಯ್ಯ, ನಮ್ ಬಾವಾರು ಯಾವಾಗ್ನಿಂದ ಬಳೆ ತೊಡಕ್ಕೆ ಶುರು ಮಾಡಿದ್ರು?”

“ಸುಮ್ಕಿರೇ, ಮೂದೇವಿ” ಅಂದಳು ಅಶ್ವತ್ಥಮ್ಮ.

ಕೆಮ್ಮಿ, ಬಾಗಿಲು ತಟ್ಟಿ, ತೆರೆದರು. ಹೊಗೆಯೊಳಗೆ ಮೊದಲು ಕಾಲಿಟ್ಟವಳು ಅರ್ಚನ. ಗೋಡೆ ನೋಡಿದಳು, ಹಾರ ನೋಡಿದಳು, ಮನೆ ಹೆಂಚು ಹಾರಿಹೋಗುವಂತೆ ಕಿರುಚಿದಳು.

“ಅತ್ತೇ! ಏನ್ ಮಾಡಿದ್ರಿ? ಅವ್ರು ಬದುಕಿದ್ದಾರೆ!”

“ಬದುಕವ್ಳಾ? ಮತ್ತೆ ಕಟ್ಟು ಯಾಕ್ ಆಕಿಸ್ದೆ?”

“ಕಾಲೇಜಿಗೆ! ಕಾರ್ಯಕ್ರಮಕ್ಕೆ!”

ಗಿರಿ ಬಿದ್ದು ಬಿದ್ದು ನಕ್ಕ. ಅರ್ಚನ ಹಾರ ಕಿತ್ತು, ಬೊಟ್ಟು ಒರೆಸಿ, ಆ ಎಲೆಯನ್ನು ಎತ್ತಲು ಬಗ್ಗಿದಳು. ಬಗ್ಗಿದವಳು ಹಾಗೇ ನಿಂತಳು. ಉಳಿದ ಮೂರು ಎಲೆಗಳ ಮುದ್ದೆಗಳು ಇಟ್ಟಂತೆಯೇ ಇದ್ದವು, ಪ್ರತಿ ವರ್ಷದ ಹಾಗೆ. ಹಸಿಂತಮ್ಮನ ಎಲೆಯ ಮುದ್ದೆ ಜಾಗ ಬದಲಿಸಿತ್ತು. ಅದರ ಒಂದು ಪಕ್ಕ ಇರಲಿಲ್ಲ. ಮುರಿದದ್ದಲ್ಲ. ಕಚ್ಚಿದ್ದು. ಹಲ್ಲಿನ ಗುರುತು ರಾಗಿಯ ಮೇಲೆ ಅಚ್ಚೊತ್ತಿತ್ತು, ಮುಂದಿನ ಎರಡು ಹಲ್ಲುಗಳ ನಡುವೆ ಒಂದು ಗೆರೆ ಉಬ್ಬಿಕೊಂಡು.

ಮುದ್ದೆಯನ್ನು ಬೆರಳಲ್ಲಿ ಮುರಿದು ಸಾರಿಗೆ ಅದ್ದಿ ನುಂಗುತ್ತಾರೆ. ಕೋಲಾರದ ಸೀಮೆಯಲ್ಲಿ ಹಾಲು ಕುಡಿಯುವ ಮಗುವೂ ಮುದ್ದೆಯನ್ನು ಲಡ್ಡುವಿನಂತೆ ಎತ್ತಿ ಕಚ್ಚುವುದಿಲ್ಲ. ಹುಟ್ಟಿದಾಗಿನಿಂದ ಮುದ್ದೆಯನ್ನೇ ಕಾಣದವರು ಮಾತ್ರ ಹಾಗೆ ಮಾಡಬಲ್ಲರು.

ಗಿರಿಯ ನಗು ನಿಂತಿತು. ಕದಿರಮ್ಮ ಬೆಕ್ಕನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, “ನಂದಲ್ಲ ಕಣಕ್ಕಯ್ಯ, ಇದು ನನ್ ತೊಡೆ ಮೇಲೇ ಇತ್ತು” ಅಂದಳು, ಬೆಕ್ಕಿನ ಪರವಾಗಿ ಪೊಲೀಸರ ಮುಂದೆ ಸಾಕ್ಷಿ ಹೇಳುವವಳಂತೆ.

ಅವತ್ತು ಸಂಜೆಯೇ ಅರ್ಚನ ಮೇಲ್ ಕಳಿಸಿದಳು. ‘ಹೇಗಿದ್ದೀರಿ’ ಅಂತ ಒಂದೇ ಸಾಲು. ಹಾಲು ಡೈರಿಗೆ ಹೋಯಿತು, ಕ್ಯಾನು ವಾಪಸ್ ಬಂತು, ಉತ್ತರ ಬರಲಿಲ್ಲ. ಮಾರನೇ ದಿನವೂ ಇಲ್ಲ. ವಾರ ಕಳೆಯಿತು. ಕಾಲೇಜಿನ ಕಾರ್ಯಕ್ರಮವನ್ನು ಫೋಟೊ ಇಲ್ಲದೆಯೇ ಮುಗಿಸಿದಳು. ಅದನ್ನು ಮುಟ್ಟಲು ಅವಳಿಗೆ ಧೈರ್ಯ ಬರಲಿಲ್ಲ. ಹಸಿಂತಮ್ಮ ದೊಡ್ಡ ಹೆಸರಿನವಳಲ್ಲ. ನೆಟ್‌ನಲ್ಲಿ ಎಷ್ಟು ಹುಡುಕಿದರೂ ಸಿಕ್ಕಿದ್ದು ಹತ್ತು ವರ್ಷ ಹಳೆಯ ಒಂದು ಸಂದರ್ಶನ, ಅದೇ ನಗು.

ಅಶ್ವತ್ಥಮ್ಮನಿಗೆ ಅನ್ನ ಸೇರದಾಯಿತು. ತಾನು ಕರೆದ ಗಳಿಗೆಯಲ್ಲೇ ಅಲ್ಲಿ, ಏಳು ಸಮುದ್ರದಾಚೆ, ಆ ಮುದುಕಿ ಕೂತ ಕುರ್ಚಿಯಲ್ಲೇ ತಲೆ ವಾಲಿಸಿದಂತೆ ಕಣ್ಣಿಗೆ ಕಟ್ಟುತ್ತಿತ್ತು. ಸತ್ತವರನ್ನು ಕರೆಯುವ ಬಾಯಲ್ಲಿ ಬದುಕಿದವಳ ಹೆಸರು ಹೇಳಿದ್ದಳು. ಕರೆದರೆ ಬರದೇ ಇರಲು ಆಗುತ್ತದೆಯೇ? ಅದೂ, ಒಮ್ಮೆ ಬಂದು ನೋಡಬೇಕೆಂದು ಆಸೆಪಟ್ಟವಳು.

ದೇವಸ್ಥಾನದ ಪೂಜಾರಿ ಮುನಿನಾರಾಯಣಪ್ಪನನ್ನು ಕೇಳಿದಳು. ಅವನು ಬೆಟ್ಟದಷ್ಟು ಯೋಚನೆ ಮಾಡಿ ಹೇಳಿದ:

“ಎಡೆ ಎತ್ತೋ ಮುಂಚೆ ಎಲೆ ಅಡಿಕೆ ಇಟ್ಟು, ಓಗ್ಬಾ ಅಂತ ಕಳಿಸಿಕೊಟ್ರಾ?”

“ಎಲ್ಲಯ್ಯಾ! ನಮ್ ಸೊಸೆ ಕಿರಚ್ಕೊಂಡು ಎಲೆ ಎತ್ತಿ ಎಮ್ಮೆಗೆ ಆಕ್ಬುಟ್ಳು.”

“ಅಂಗಾದ್ರೆ ಬಂದೋಳು ಓಗಿಲ್ಲ. ನಿಮ್ಮನೇಲೇ ಅವ್ಳೆ.”

“ಈಗ ಕಳ್ಸಿಕೊಡ್ಲಾ?”

“ಕಳ್ಸಿದ್ರೆ ಎಲ್ಲಿಗೋಯ್ತಾಳೆ? ಎಡೆಗೆ ಬಂದೋರು ಓಗೋದು ಒಂದೇ ಊರಿಗೆ ಕಣಮ್ಮ. ಅಲ್ಲಿ ಉಸಿರೇನಾದ್ರೂ ಮಿಕ್ಕಿದ್ರೆ ಅದೂ ಓಯ್ತದೆ.”

ಕಳಿಸಿದರೆ ಸಾಯುತ್ತಾಳೆ, ಕಳಿಸದಿದ್ದರೆ ಗೋಡೆಗೆ ಅಂಟಿಕೊಂಡಿರುತ್ತಾಳೆ. ಅಶ್ವತ್ಥಮ್ಮ ಮನೆಗೆ ಬಂದು ಫೋಟೊದ ಎದುರು ಕೂತಳು. “ತಾಯಿ, ನೀನು ಉಸಿರಾಡ್ತಿದ್ರೆ ನಿನ್ ಕೈಮುಗಿತೀನಿ, ನಿನ್ನಷ್ಟಕ್ ನೀನೇ ನಿಮ್ಮೂರಿಗೆ ಓಗು. ನಾನು ಬಾಗಿಲು ತಗ್ದೇ ಇರ್ತೀನಿ” ಅಂದಳು. ಬಾಗಿಲು ಮೂರು ದಿನ ತೆರೆದೇ ಇತ್ತು. ಬಂದದ್ದು ಕದಿರಮ್ಮನ ಬೆಕ್ಕು ಮಾತ್ರ. ಅದೂ ಹೊಸ್ತಿಲ ಬಳಿ ಬೆನ್ನುಕೂದಲು ನಿಮಿರಿಸಿ ನಿಂತು, ಹಿಂದಕ್ಕೆ ಹಿಂದಕ್ಕೆ ನಡೆದು ಹೋಯಿತು.

ಒಲೆ ಹಚ್ಚದ ಹೊತ್ತಿನಲ್ಲಿ ಮನೆಯೊಳಗೆ ಸುಟ್ಟ ಹಸಿಮೆಣಸಿನಕಾಯಿಯ ಘಾಟು ಏಳತೊಡಗಿತು. ಅಶ್ವತ್ಥಮ್ಮ ಸೀನಿದರೆ ದೀಪ ಆರಬೇಕು, ಅಂಥ ಸೀನು. ಮೊದಮೊದಲು ಕದಿರಮ್ಮನ ಮನೆಯದೆಂದು ಜಗಳಕ್ಕೆ ಹೋದಳು. ಕದಿರಮ್ಮ ತನ್ನ ತಣ್ಣನೆಯ ಒಲೆ ತೋರಿಸಿ, “ನಿಮ್ಮನೆ ಬೀಗ್ತಿ ಅಡ್ಗೆಗೆ ಇಳ್ದವ್ಳೆ ಓಗಕ್ಕಯ್ಯ” ಅಂದಳು. ತಮಾಷೆಗೇ ಅಂದಳು. ಅಂದ ಮೇಲೆ ಇಬ್ಬರೂ ನಗಲಿಲ್ಲ.

ಅರ್ಚನ ಅನುವಾದ ನಿಲ್ಲಿಸಿದ್ದಳು. ಎರಡು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ, ಬಾಕಿ ಇದ್ದ ಕಥೆಯೊಂದನ್ನು ಹಟ ಹಿಡಿದು ಮುಗಿಸಿ, ಅತ್ತೆಯನ್ನು ಕರೆದು ಕೂರಿಸಿಕೊಂಡಳು. “ಕೇಳಿ ಅತ್ತೆ. ನೀವು ಕೇಳದೆ ನನಗೆ ಸರಿಯೋ ತಪ್ಪೋ ಗೊತ್ತಾಗಲ್ಲ.” ಕಥೆಯೊಳಗೆ, ಹಸಿಂತಮ್ಮನ ಊರಿನ ನಡುವೆ ಗಡಿಯ ಬೇಲಿ ಹಾಕುತ್ತಾರೆ, ಆಚೆ ಕಡೆ ಸಿಕ್ಕಿಕೊಂಡ ಅಕ್ಕ, ಈಚೆ ಕಡೆಯ ತಂಗಿ, ಬೇಲಿಯ ಕಂಬಿಯ ಸಂದಿಯಿಂದ ಒಬ್ಬರ ತಲೆಗೊಬ್ಬರು ಎಣ್ಣೆ ಹಚ್ಚಿ ಜಡೆ ಹೆಣೆಯುತ್ತಾರೆ. ಅರ್ಚನ ಓದಿದಳು. “ಅಕ್ಕನ ಬೆರಳು ಕಂಬಿಯಾಚೆಯಿಂದ ಬಂದು ಬೈತಲೆ ತೆಗೆಯಿತು.” ನಿಂತಳು.

“ಊಂ.”

“ತಂಗಿ ಕಣ್ಣು ಮುಚ್ಚಿದಳು.”

“ಊಂ.”

ಅರ್ಚನ ತಲೆ ಎತ್ತದೆ ಒಂದು ಪುಟ ಓದಿದಳು. ಪ್ರತಿ ನಿಲುಗಡೆಗೂ ಊಂ ಬಂತು. ಕೊನೆಗೆ, “ಸರಿ ಇದೆಯಾ ಅತ್ತೆ?” ಅಂತ ತಲೆ ಎತ್ತಿದಳು. ಅಶ್ವತ್ಥಮ್ಮನ ಬಾಯಿ ತುಂಬ ಎಲೆಅಡಿಕೆಯ ರಸ. ಕೆನ್ನೆ ಉಬ್ಬಿತ್ತು, ತುಟಿ ಬಿಗಿದಿತ್ತು. ಆ ಬಾಯಿಂದ ಒಂದು ಊಂ ಕೂಡ ಹೊರಡುವ ಹಾಗಿರಲಿಲ್ಲ. ಅವಳ ಕಣ್ಣು ಗೋಡೆಯ ಮೇಲಿತ್ತು. ಫೋಟೊದ ಗಾಜಿನ ಮೇಲೆ, ಬಾಯಿಯ ಹತ್ತಿರ, ಒಳಗಿಂದ ಯಾರೋ ಉಸಿರು ಬಿಟ್ಟಂತೆ ಮಂಜು ಕೂತಿತ್ತು.

ಅಶ್ವತ್ಥಮ್ಮ ಎದ್ದು ಹೋಗಿ ಅಂಗಳದಲ್ಲಿ ಉಗುಳಿ ಬಂದಳು. ಅರ್ಚನಳ ಪಕ್ಕ ಕೂತು ಅವಳ ಕೈ ಹಿಡಿದುಕೊಂಡಳು.

“ನಾನೇ ಸಾಯಿಸ್ಬುಟ್ಟೆ ಕಣೇ” ಅಂದಳು. ಇಷ್ಟು ದಿನ ಯಾರ ಮುಂದೆಯೂ ಆ ಮಾತು ಆಡಿರಲಿಲ್ಲ. “ಬಾಯಿ ಬಡ್ಕಿ ಬಾಯಿಂದ್ಲೇ ಒಂದು ಜೀವ ಓಯ್ತು. ಯಾರ್ಗಾದ್ರೂ ಬರಿ. ಅವ್ಳಿಗೆ ಮಕ್ಳಿದ್ರೆ ಅವರ್ಗೆ ಬರಿ. ಇಂತೋಳು ನಿಮ್ಮಮ್ಮುನ್ನ ಸಾಯಿಸಿದ್ಲು ಅಂತ ನನ್ನೆಸರೇ ಬರಿ.”

ಅರ್ಚನ ಪುಸ್ತಕ ಅಚ್ಚು ಹಾಕಿದವರಿಗೆ ಬರೆದಳು. ಅತ್ತೆಯ ಹೆಸರು ಬರೆಯಲಿಲ್ಲ. ಬರಹಗಾರ್ತಿಯಿಂದ ಉತ್ತರವಿಲ್ಲ, ಚಿಂತೆಯಾಗಿದೆ, ಅಂತ ಮಾತ್ರ ಬರೆದಳು. ಅವರು ಅದನ್ನು ಮಗಳಿಗೆ ಕಳಿಸಿದರು. ದೀಪಾವಳಿಗೆ ಮೂರು ದಿನ ಇದ್ದಾಗ, ಬೆಳಿಗ್ಗೆ, ಅರ್ಚನ ರೈಲಿಗೆ ಹೊರಟು ನಿಂತಿದ್ದಾಗ, ಮಗಳು ಮರೀಸೋಲ್‌ಳ ಉತ್ತರ ಬಂತು. ಅರ್ಚನ ಚಪ್ಪಲಿ ಮೆಟ್ಟಿದ್ದ ಕಾಲಲ್ಲೇ ಜಗಲಿಯ ಮೇಲೆ ಕೂತಳು.

“ಓದು” ಅಂದಳು ಅಶ್ವತ್ಥಮ್ಮ. ಎಮ್ಮೆ ಕರೆಯುತ್ತಿದ್ದ ಕೈ ಹಾಗೇ ನೊರೆಯಾಗಿತ್ತು. “ಯಾವತ್ತು? ಅಮಾಸೆ ದಿನನಾ?”

ಅರ್ಚನ ಒಂದೊಂದೇ ಸಾಲು ಕನ್ನಡ ಮಾಡಿ ಹೇಳಿದಳು. ‘ನಿಮಗೆ ತಿಳಿಸದಿದ್ದಕ್ಕೆ ಕ್ಷಮಿಸಿ. ನೀವು ಅನುವಾದ ಮಾಡುತ್ತಿರುವುದು ನನಗೆ ಗೊತ್ತೇ ಇರಲಿಲ್ಲ. ಅಮ್ಮ ಜೂನ್ ಹನ್ನೊಂದಕ್ಕೆ ತೀರಿಕೊಂಡಳು.’

“ಜೂನು ಅಂದ್ರೆ?”

“ಜ್ಯೇಷ್ಠ, ಅತ್ತೆ. ಅಮಾವಾಸ್ಯೆಗೆ ಮೂರು ತಿಂಗಳಿಗೂ ಮುಂಚೆ.”

ಅಶ್ವತ್ಥಮ್ಮ ಕಂಬಕ್ಕೆ ಒರಗಿ ನಿಂತಳು. ಎದೆಯ ಮೇಲಿಂದ ಒಂದು ಗಾಡಿ ರಾಗಿ ಮೂಟೆ ಇಳಿದಂತಾಯಿತು. ತಾನಲ್ಲ. ತನ್ನ ಬಾಯಲ್ಲ. ಕರೆದಾಗ ಅವಳು ನ್ಯಾಯವಾಗಿಯೇ ಸತ್ತವಳಾಗಿದ್ದಳು. “ಮುನೇಸ್ವರಾ, ನನ್ ತಲೆ ಉಳಿಸ್ದೆ ಕಣಪ್ಪಾ!” ಅಂತ ಕೈ ಎತ್ತಿ ಮುಗಿದಳು. ಮುಗಿದು ನೋಡಿದರೆ ಸೊಸೆಯ ಮುಖದಲ್ಲಿ ರಕ್ತವಿರಲಿಲ್ಲ.

“ಅತ್ತೆ, ಇನ್ನೊಂದು ಸಾಲಿದೆ. ‘ಅಮ್ಮನ ಕಂಪ್ಯೂಟರನ್ನು ಅಂದಿನಿಂದ ಯಾರೂ ತೆರೆದಿಲ್ಲ. ಬಟ್ಟೆ ಹೊದಿಸಿ ಇಟ್ಟಿದ್ದೇವೆ.’”

“ಇರ್ಲಿ. ಅದುಕ್ಕೇನೀಗ?”

“ಜೂನ್ ಹನ್ನೊಂದರಿಂದ ಅಮಾವಾಸ್ಯೆವರೆಗೆ ಹದಿನಾಲ್ಕು ಉತ್ತರ ಬಂದಿವೆ ಅತ್ತೆ. ನಿಮ್ಮನ್ನ ನೋಡೋ ಆಸೆ ಅಂತ ಬರೆದಿದ್ದೂ ಆಮೇಲೇನೇ.”

ಬಂಗಾರಪೇಟೆಯ ಕಡೆಯಿಂದ ಮಾರಿಕುಪ್ಪಂ ರೈಲು ಕೂಗಿತು. ಅರ್ಚನ ಏಳಲಿಲ್ಲ.

ಮೊದಲು ಬಾಯಿ ಬಿಟ್ಟವಳು ಅಶ್ವತ್ಥಮ್ಮ. ಭಯವೆಲ್ಲ ಸೊಸೆಯ ಪಾಲಿಗೆ ಹೋಗಿ ಅವಳಿಗೆ ಏನೂ ಉಳಿದಿರಲಿಲ್ಲ. “ಕಾಗದ ಬರ್ಯೋದು ಯಾಕ್ ನಿಲ್ಸುದ್ಲು ಗೊತ್ತಾಯ್ತಲ್ಲ. ಮನೇಗೇ ಬಂದ ಮೇಲೆ ಕಾಗದ ಯಾಕೆ?”

“ಅತ್ತೆ, ಹೆದರಿಸಬೇಡಿ.”

“ಎದ್ರಿಸ್ತಿಲ್ಲ. ಆ ಮಗ್ಳು ಮತ್ತೇನ್ ಬರ್ದವ್ಳೆ?”

“ಕೊನೆ ಎರಡು ತಿಂಗಳು ಅವರಮ್ಮನಿಗೆ ಗಂಟಲಲ್ಲಿ ಏನೂ ಇಳೀತಿರಲಿಲ್ಲವಂತೆ. ಹಸ್ಕೊಂಡೇ ಹೋದಳು, ಆ ಸಂಕಟ ತಡ್ಕೊಳ್ಳೋಕಾಗ್ತಿಲ್ಲ ಅಂತ ಬರೆದಿದ್ದಾಳೆ.”

ಅಶ್ವತ್ಥಮ್ಮ ಕೈಯ ನೊರೆಯನ್ನು ಸೀರೆಗೆ ಒರೆಸಿಕೊಂಡಳು. “ಬರಿ ಅವ್ಳಿಗೆ. ನಿಮ್ಮಮ್ಮ ನಮ್ಮನೆಗೆ ಬಂದು ಉಂಡ್ಳು ಅಂತ ಬರಿ. ಮೂರು ಮುದ್ದೆ ಉಂಡ್ಳು ಅಂತ ಬರಿ.”

“ಒಂದು ಕಚ್ಚು ಅತ್ತೆ ಅದು.”

“ನಮ್ಮನೆ ಎಡೇನ ಲೆಕ್ಕ ಆಕಕ್ಕೆ ಬಂದ್ಬುಟ್ಳು! ಮೂರು ಅಂತ ಬರಿ. ಸಾರು ಮೂರ್ ಸಲ ಆಕಿಸ್ಕೊಂಡ್ಳು, ಪಾಯಸ ಸಾಕು ಸಾಕು ಅಂದ್ರೂ ಬಡ್ಸುದ್ವಿ, ಕೊನೇಗೆ ತೇಗಿದ್ದು ಎರಡ್ ಬೀದಿಗೆ ಕೇಳುಸ್ತು ಅಂತ ಬರಿ.”

ಅರ್ಚನ ಅಳುತ್ತಲೇ ನಕ್ಕಳು. ನಗುತ್ತಲೇ ಬರೆದಳು. ಮೂರು ಎಂದೇ ಬರೆದಳು.

ಅಂದು ಅವಳು ಕಾಲೇಜಿಗೆ ರಜೆ ಹಾಕಿದಳು. ಅಶ್ವತ್ಥಮ್ಮ ನಡುಮನೆ ಸಾರಿಸಿದಳು. ಈಗ ಕಳಿಸಿಕೊಡಲು ಅಡ್ಡಿಯಿರಲಿಲ್ಲ. ಒಂದೇ ಎಲೆ ಹಾಕಿ ಮುದ್ದೆ ಸಾರು ಇಟ್ಟಳು. ಫೋಟೊಗೆ ಹಾರ ಹಾಕಿ ಬೊಟ್ಟಿಟ್ಟಳು. ಎಲೆಅಡಿಕೆ ಇಟ್ಟಳು. ಆಮೇಲೆ ಸುತ್ತ ಮುತ್ತ ನೋಡಿದಳು. “ಎಡೆಗೆ ಅವರವರ ಇಷ್ಟದ್ದು ಇಡ್ಬೇಕು ಕಣೇ. ನಿಮ್ ಮಾವಂಗೆ ಬೀಡಿ ಇಡ್ತೀವಿ. ಇವ್ಳು ಏನ್ ಬೀಡಿ ಸೇದ್ತಾಳಾ? ನೀನು ಬರ್ದಿದ್ದೀಯಲ್ಲ, ಆ ಕಾಗದ ಎಲ್ಲಾ ತತ್ತಾ.”

ಅರ್ಚನ ಅನುವಾದದ ಹಾಳೆಗಳ ಕಟ್ಟನ್ನು ತಂದು ಎಲೆಯ ಬಲಕ್ಕೆ ಇಟ್ಟಳು. ಕೈಬರಹದ ಉದ್ದ ಹಾಳೆಗಳು, ದಾರ ಬಿಚ್ಚಿದವು. ಅಶ್ವತ್ಥಮ್ಮ ಕೈಮುಗಿದು, “ಉಣ್ಣು ತಾಯಿ. ಉಂಡು, ನೋಡಿ, ಓಗ್ಬಾ” ಅಂದಳು. ಇಬ್ಬರೂ ಹೊರಗೆ ಬಂದು ಬಾಗಿಲು ಎಳೆದುಕೊಂಡರು.

ಮಟಮಟ ಮಧ್ಯಾಹ್ನ. ಗಾಳಿಯೇ ಇರಲಿಲ್ಲ. ಜಗಲಿಯ ಮುಂದಿನ ಹೊಂಗೆಯ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಒಳಗೆ ಬಳೆಗಳು ಒಮ್ಮೆ ಜಾರಿದವು. ಆಮೇಲೆ ನಿಶ್ಶಬ್ದ. ಒಂದು ಊಟ ಮುಗಿಯುವಷ್ಟು ಹೊತ್ತು ಕಾದು ಅರ್ಚನ ಕೆಮ್ಮಲು ಬಾಯಿ ತೆರೆದಳು. ಅಶ್ವತ್ಥಮ್ಮ ಫಕ್ಕನೆ ಅವಳ ಬಾಯಿಗೆ ಕೈ ಅಡ್ಡ ಹಿಡಿದಳು.

ಒಳಗೆ ಒಂದು ಹಾಳೆ ತಿರುಗಿತು.

ಇಬ್ಬರೂ ಜಗಲಿಯ ಮೇಲೆ ಕೂತರು. ಎಷ್ಟೋ ಹೊತ್ತಾದ ಮೇಲೆ ಇನ್ನೊಂದು ಹಾಳೆ. ಗಾಳಿಗೆ ಹಾರುವ ಹಾಳೆಯ ಪಟಪಟ ಅಲ್ಲ. ಒಂದು ಹಾಳೆಗೂ ಇನ್ನೊಂದಕ್ಕೂ ನಡುವೆ, ಕಣ್ಣು ಮಂಜಾದ ಮುದುಕಿಯೊಬ್ಬಳು ಬೆರಳಿಟ್ಟು ಸಾಲು ಸಾಲಾಗಿ ಓದಲು ಬೇಕಾಗುವಷ್ಟೇ ಹೊತ್ತು.

“ಅವರಿಗೆ ಕನ್ನಡ ಬರಲ್ಲ ಅತ್ತೆ” ಅಂತ ಅರ್ಚನ ಪಿಸುಗುಟ್ಟಿದಳು.

“ಆರ್ ತಿಂಗ್ಳಿಂದ ಕೇಳಿಲ್ವಾ? ಕಲ್ತಿರ್ತಾಳೆ.”

ಹಾಳೆ ತಿರುಗಿತು. ಅರ್ಚನಳ ಉಗುರು ಅತ್ತೆಯ ಮೊಣಕೈಯಲ್ಲಿ ನೆಟ್ಟಿತ್ತು.

“ಎಷ್ಟೈತೆ ಒಟ್ಟು?” ಅಂತ ಕೇಳಿದಳು ಅಶ್ವತ್ಥಮ್ಮ.

“ಇನ್ನೂರ ಹದಿನೆಂಟು ಪುಟ.”

“ತಪ್ಪೇನಾದ್ರೂ ಮಾಡಿದ್ದೀಯೇನೇ?”

“ಗೊತ್ತಿಲ್ಲ ಅತ್ತೆ.”

ಅಶ್ವತ್ಥಮ್ಮ ಮೊಣಕಾಲು ಹಿಡಿದುಕೊಂಡು ಎದ್ದಳು. ಬಾಗಿಲಿನ ಕಡೆ ಒಮ್ಮೆ ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೊಸೆಯ ಕೈ ಹಿಡಿದು ಎಬ್ಬಿಸಿದಳು.

“ಇನ್ನೂರ ಹದಿನೆಂಟಂದ್ರೆ ಕತ್ಲಾಯ್ತದೆ. ಬಾ, ಎಮ್ಮೆಗೆ ಉಲ್ಲು ಆಕ್ಬರಾಣ. ಬಾಗ್ಲು ಮಾತ್ರ ತಟ್ಬೇಡ. ಅವ್ಳು ಬರ್ದಿರೋದು, ಅವ್ಳು ಓದ್ಕೊಳ್ಳಿ.”